ಓಟ ಮುಗಿದ ಮೇಲೆ ಉಳಿಯುವ ಅಂಕಿ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಒಂದು ಕಲ್ಲಿನ ಮೇಲೆ ನಾಯಿಯೊಂದರ ಕಥೆ ಕೆತ್ತಿದೆ. ನಾಯಿಯ ಹೆಸರು ಕಾಳಿ. ಗಂಗರ ಬೂತುಗನ ಸೇವೆಯಲ್ಲಿದ್ದ ಮಣಲೆರನು ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಮೆಚ್ಚಿದಾಗ, ಆತ ಕೇಳಿ ಪಡೆದದ್ದು ಈ ಬೇಟೆನಾಯಿಯನ್ನು. ಮುಂದೆ ಅದು ಒಂದು ಕಾಡುಹಂದಿಯ ಮೇಲೆ ಬಿದ್ದು ಸೆಣಸಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಕಲ್ಲನ್ನು ನಿಲ್ಲಿಸಿದವರು ನಾಯಿ ಯಾರದು, ಅದನ್ನು ಕೊಟ್ಟವರು ಯಾರು, ಹೋರಾಟ ನಡೆದದ್ದು ಎಲ್ಲಿ, ಎದುರಾಳಿ ಯಾವುದು, ಕೊನೆಗೆ ಆದದ್ದೇನು ಎಂಬ ಐದೂ ಸಂಗತಿಗಳನ್ನು ಬರೆಸಿಟ್ಟರು. ಸಾವಿರ ವರ್ಷಗಳಿಗೆ ಮಿಕ್ಕಿದ ಈ ಬರಹವನ್ನು ನಾವಿಂದು ಓದಿ ಆ ನಾಯಿಯನ್ನು ಹೆಸರು ಹಿಡಿದು ಕರೆಯಬಹುದು. ಆದರೆ ಮೂವತ್ತು ವರ್ಷಗಳ ಹಿಂದೆ ನಮ್ಮದೇ ಜಿಲ್ಲೆಯ ಕಾಲೇಜೊಂದರ ಮೈದಾನದಲ್ಲಿ 800 ಮೀಟರ್ ಓಟವನ್ನು ಗೆದ್ದ ಹುಡುಗಿಯ ಹೆಸರು ಕೇಳಿದರೆ ಉತ್ತರ ಕೊಡುವವರು ಸಿಗುವುದಿಲ್ಲ.

ನಾನು ಉತ್ತರ ಕನ್ನಡದ ಕುಮಟಾ ತಾಲೂಕಿನ ಹಿರೇಗುತ್ತಿಯವನು. ಗಣಿತದ ಪಾಠ ಹೇಳುತ್ತಿದ್ದೆನಾದ್ದರಿಂದ, ಎಲ್ಲ ಕಾಲೇಜುಗಳಲ್ಲಿಯೂ ಗಣಿತದವರಿಗೆ ಒದಗುವ ಗತಿಯೇ ನನಗೂ ಒದಗಿ, ಕ್ರೀಡಾಕೂಟ ಬಂದಾಗಲೆಲ್ಲ ಲೆಕ್ಕದ ಮೇಜು ನನ್ನ ಪಾಲಿಗೆ ಬರುತ್ತಿತ್ತು. ಆ ಮೇಜಿನ ಹಿಂದೆ ಕುಳಿತು ಕಂಡುಕೊಂಡ ನಾಲ್ಕು ಸಂಗತಿಗಳನ್ನು ಕೇಳುಗರ ಮುಂದಿಡಬೇಕೆಂದಿದ್ದೇನೆ. ಸಾಹಿತ್ಯಾಸಕ್ತರಿಗೆ ಅಂಕಿಗಳ ಮಾತು ಒಣಕಲೆನಿಸಬಹುದು. ಆದರೆ ಪಾಠಾಂತರ, ಹಸ್ತಪ್ರತಿ, ಲಿಪಿಕಾರನ ಪ್ರಮಾದ ಎಂಬ ಮಾತುಗಳ ಪರಿಚಯವುಳ್ಳವರಿಗೆ ಈ ವಿಷಯ ಪರಕೀಯವಾಗಲಾರದು. ಓಟದ ಕಾಲವೂ ಒಂದು ಪಾಠವೇ. ಅದು ಯಾವ ಪ್ರತಿಯಿಂದ ಬಂತು ಎಂದು ಕೇಳದೆ ಅದನ್ನು ಒಪ್ಪುವಂತಿಲ್ಲ.

ಘಟ್ಟದ ಮೇಲಿನ ಹಳೆಯ ಕಾಲೇಜೊಂದಕ್ಕೆ ಪಂಚನಾಗಿ ಹೋಗಿದ್ದಾಗ ಅದರ ಜಿಮಖಾನಾ ಕೋಣೆಯ ಗೋಡೆಯ ಮೇಲೊಂದು ಮರದ ಫಲಕವನ್ನು ನೋಡಿದೆ. ಕಾಲೇಜಿನ ಕ್ರೀಡಾ ದಾಖಲೆಗಳನ್ನು ಅದರಲ್ಲಿ ಬಣ್ಣದಿಂದ ಬರೆದಿದ್ದರು. 100 ಮೀಟರ್ ಓಟ, 10.4 ಸೆಕೆಂಡು, ಓಡಿದ ವರ್ಷ ಐವತ್ತರ ದಶಕದ್ದು. ನಲವತ್ತು ವರ್ಷಗಳಿಂದ ಅದನ್ನು ಯಾರೂ ಮುರಿದಿಲ್ಲವೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿದರು. ಈಗಿನ ಹುಡುಗರಿಗೆ ಹಾಲು ತುಪ್ಪ ಸಾಲದು ಎಂಬ ಟೀಕೆಯೂ ಅದರೊಡನೆ ಬಂತು. ನನಗೆ ಆ ಅಂಕಿ ನಂಬಲು ಕಠಿಣವಾಯಿತು. ಫಲಕಕ್ಕೆ ಓರೆಯಾಗಿ ಬೆಳಕು ಬೀಳುವಂತೆ ನಿಂತು ನೋಡಿದಾಗ ‘ಮೀ.’ ಎಂಬ ಅಕ್ಷರದ ಬಣ್ಣದ ಕೆಳಗೆ ಇನ್ನೊಂದು ಅಕ್ಷರ ಉಬ್ಬಿ ಕಾಣುತ್ತಿತ್ತು. ಅದು ‘ಗ.’ ಆತ ಓಡಿದ್ದು ನೂರು ಗಜ.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಮ್ಮ ದೇಶದಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಆದದ್ದು 1956ರಲ್ಲಿ. ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಬಳಕೆಗೆ ಬಂತು. ಸೇರು ಹೋಗಿ ಕಿಲೋ ಬಂದಂತೆ ಗಜ ಹೋಗಿ ಮೀಟರ್ ಬಂತು. ಯಾರೋ ಒಬ್ಬ ಉತ್ಸಾಹಿ ಫಲಕಕ್ಕೆ ಹೊಸ ಬಣ್ಣ ಕೊಡಿಸುವಾಗ ಹೊಸ ಪದ್ಧತಿಯನ್ನೂ ಕೊಡಿಸಿಬಿಟ್ಟನು. ನೂರು ಗಜವೆಂದರೆ 91.44 ಮೀಟರ್. ಅದೇ ವೇಗದಲ್ಲಿ ಓಟವನ್ನು ನೂರು ಮೀಟರಿಗೆ ಮುಂದುವರಿಸಿದರೆ ಕಾಲ 11.37 ಸೆಕೆಂಡು ಆಗುತ್ತದೆ. ಐವತ್ತರ ದಶಕದ ಮಣ್ಣಿನ ದಾರಿಯಲ್ಲಿ ಅದು ಒಳ್ಳೆಯ ಓಟವೇ ಸರಿ. ಓಡಿದವನಿಗೆ ಅದರಿಂದ ಯಾವ ಕುಂದೂ ಇಲ್ಲ. ಕುಂದು ಬಂದದ್ದು ಅವನ ನಂತರ ಬಂದವರಿಗೆ. 11.2ರಲ್ಲಿಯೋ 11.1ರಲ್ಲಿಯೋ ಓಡಿದ ಎಷ್ಟು ಹುಡುಗರು ಆ ಫಲಕವನ್ನು ನೋಡಿ, ತಾವು ಏನೂ ಅಲ್ಲವೆಂದುಕೊಂಡು ಮನೆಗೆ ಹೋಗಿರಬಹುದು! ಒಂದು ಅಕ್ಷರದ ತಪ್ಪು ನಲವತ್ತು ವರ್ಷ ಆ ಮೈದಾನದಲ್ಲಿ ಎಲ್ಲರಿಗಿಂತ ಮುಂದೆ ಓಡಿತು.

ಅಂಕಿಯೊಂದು ದಾಖಲೆಯಾಗಬೇಕಾದರೆ ಅದನ್ನು ಅಳೆದ ಬಗೆಯೂ ಅದರ ಜೊತೆಗೇ ಉಳಿಯಬೇಕು. ಅಳತೆಯ ಬಗೆ ಎಂದರೆ ಏನೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೈಗಡಿಯಾರದ ಕಾಲಕ್ಕೂ ವಿದ್ಯುತ್ ಯಂತ್ರದ ಕಾಲಕ್ಕೂ ಅಂತರವಿದೆ. ಪಿಸ್ತೂಲಿನ ಹೊಗೆ ಕಂಡಾಗ ಮನುಷ್ಯನ ಬೆರಳು ಗುಂಡಿಯನ್ನು ಒತ್ತಬೇಕು. ಕಣ್ಣಿನಿಂದ ಬೆರಳಿಗೆ ಆಜ್ಞೆ ಬರುವಷ್ಟರಲ್ಲಿ ತುಸು ಹೊತ್ತು ಕಳೆದಿರುತ್ತದೆ. ಕೊನೆಯಲ್ಲಾದರೋ ಓಟಗಾರ ಎದುರಿಗೇ ಬರುವುದನ್ನು ನೋಡುತ್ತಿರುವುದರಿಂದ ಬೆರಳು ತಡಮಾಡುವುದಿಲ್ಲ. ಹೀಗಾಗಿ ಕೈಯಿಂದ ತೆಗೆದ ಕಾಲ ಯಾವಾಗಲೂ ತುಸು ಉದಾರ. 100 ಮತ್ತು 200 ಮೀಟರುಗಳಲ್ಲಿ ಈ ಔದಾರ್ಯವನ್ನು 0.24 ಸೆಕೆಂಡೆಂದೂ, 400 ಮೀಟರಿನಲ್ಲಿ 0.14 ಸೆಕೆಂಡೆಂದೂ ಲೆಕ್ಕ ಹಿಡಿಯುವ ರೂಢಿಯಿದೆ. ಕಡಿಮೆ ದೂರದ ಓಟಗಳಲ್ಲಿ ವಿಶ್ವದಾಖಲೆಗೆ ಯಂತ್ರದ ಕಾಲವೇ ಬೇಕೆಂಬ ನಿಯಮ 1977ರಲ್ಲಿ ಬಂತು.

ಇದರ ಮಹತ್ವ ತಿಳಿಯಲು ಮಿಲ್ಖಾ ಸಿಂಗರ ಓಟವೊಂದೇ ಸಾಕು. 1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಅಂತಿಮ ಸ್ಪರ್ಧೆಯಲ್ಲಿ ನಾಲ್ಕನೆಯವರಾಗಿ ಬಂದ ಅವರ ಕಾಲ ಕೈಗಡಿಯಾರದಲ್ಲಿ 45.6, ಯಂತ್ರದಲ್ಲಿ 45.73. ಅಂತರ 0.13 ಸೆಕೆಂಡು, ಮೇಲೆ ಹೇಳಿದ ರೂಢಿಯ ಲೆಕ್ಕಕ್ಕೆ ಎಷ್ಟು ಹತ್ತಿರ ನೋಡಿ. 1998ರಲ್ಲಿ ಕಲ್ಕತ್ತೆಯಲ್ಲಿ ಪರಮಜಿತ್ ಸಿಂಗರು 45.70ರಲ್ಲಿ ಓಡಿದರು. 45.6ರ ಎದುರಿಗೆ ಇಟ್ಟರೆ ಅವರು ಮಿಲ್ಖಾರನ್ನು ಮುಟ್ಟಲಿಲ್ಲ, 45.73ರ ಎದುರಿಗೆ ಇಟ್ಟರೆ ಮೂವತ್ತೆಂಟು ವರ್ಷಗಳ ದಾಖಲೆ ಮುರಿಯಿತು. ಯಂತ್ರಕ್ಕೆ ಯಂತ್ರವನ್ನೇ ಹೋಲಿಸಬೇಕೆಂಬುದು ನ್ಯಾಯ. ಆದರೆ ರೋಮಿನಲ್ಲಿ ಎರಡೂ ಕಾಲಗಳನ್ನು ಬೇರೆಬೇರೆಯಾಗಿ ಬರೆದಿಟ್ಟಿದ್ದರಿಂದ ತಾನೇ ಆ ನ್ಯಾಯ ಸಾಧ್ಯವಾದದ್ದು? ನಮ್ಮ ಕಾಲೇಜುಗಳ ಪಟ್ಟಿಗಳಲ್ಲಿ ಕಾಲವನ್ನು ಕೈಯಿಂದ ತೆಗೆದರೋ ಯಂತ್ರದಿಂದ ತೆಗೆದರೋ ಎಂಬ ಒಂದು ಅಕ್ಷರದ ಗುರುತನ್ನೂ ನಾನು ಕಂಡದ್ದು ವಿರಳ.

ಕೈಗಡಿಯಾರಕ್ಕೂ ತನ್ನದೇ ಶಿಸ್ತಿದೆ. ಒಬ್ಬ ಓಟಗಾರನಿಗೆ ಮೂವರು ಕಾಲಮಾಪಕರು. ಮೂವರದೂ ಬೇರೆಬೇರೆ ಬಂದರೆ ನಡುವಿನದು. ಇಬ್ಬರದು ಒಂದೇ ಆದರೆ ಅದು. ಇಬ್ಬರೇ ಇದ್ದು ಭಿನ್ನವಾದರೆ ಹೆಚ್ಚಿನದು. 11.31 ಬಂದರೆ ಅದನ್ನು 11.4 ಎಂದೇ ಬರೆಯಬೇಕು, 11.3 ಎಂದಲ್ಲ. ಜಿಗಿತ, ಎಸೆತಗಳಲ್ಲಿ ಇದರ ಪ್ರತಿರೂಪ: ಸೆಂಟಿಮೀಟರ್ ಪೂರ್ತಿಯಾಗದಿದ್ದರೆ ಕೆಳಗಿನದನ್ನು ಹಿಡಿಯಬೇಕು. ಸಂದೇಹವಿದ್ದಲ್ಲಿ ಓಟಗಾರನ ವಿರುದ್ಧವೇ ತೀರ್ಪು. ನಿಷ್ಠುರವೆನಿಸಬಹುದು, ಆದರೆ ದಾಖಲೆ ಪುಸ್ತಕದಲ್ಲಿರುವ ಹಳಬನು ಮೈದಾನಕ್ಕೆ ಬಂದು ತನ್ನ ಪರವಾಗಿ ವಾದಿಸಲಾರ, ಅವನ ಪರವಾಗಿ ಈ ನಿಯಮವೇ ವಾದಿಸುತ್ತದೆ.

ಇನ್ನು ಓಡುವ ದಾರಿ. ನಮ್ಮ ಬಹಳಷ್ಟು ಕಾಲೇಜುಗಳದು ಸುಣ್ಣದ ಗೆರೆ ಹಾಕಿದ 200 ಮೀಟರಿನ ಮಣ್ಣಿನ ದಾರಿ. ಅದರ ಉದ್ದವನ್ನು ಒಳಗಿನ ಗೆರೆಯ ಮೇಲೆಯೇ ಅಳೆಯಬಾರದು, ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕು. ಏಕೆಂದರೆ ಓಟಗಾರನ ಕಾಲು ಬೀಳುವುದು ಅಲ್ಲಿ. ಹಗ್ಗ ಹಿಡಿದವರು ಇದನ್ನು ಮರೆತರೆ ಒಂದು ಸುತ್ತಿಗೆ ಸುಮಾರು 1.26 ಮೀಟರ್ ಹೆಚ್ಚಾಗುತ್ತದೆ. ಇಲ್ಲಿ ಗಣಿತದ ಒಂದು ಚೋದ್ಯವಿದೆ: ಮೈದಾನ ದೊಡ್ಡದಿರಲಿ ಚಿಕ್ಕದಿರಲಿ, ಈ ಹೆಚ್ಚಳ ಅಷ್ಟೇ. ಆದ್ದರಿಂದ ಚಿಕ್ಕ ದಾರಿಯಲ್ಲಿ ಸುತ್ತುಗಳು ಹೆಚ್ಚಾದಷ್ಟೂ ತಪ್ಪು ಗುಣಿಸುತ್ತದೆ. 1500 ಮೀಟರಿಗೆ ಏಳೂವರೆ ಸುತ್ತು. ಒಂಬತ್ತು ಮೀಟರಿಗೂ ಮಿಕ್ಕಿ ಬಿಟ್ಟಿ ಓಟ. ಹುಡುಗನ ಲೆಕ್ಕದಿಂದ ಸುಮಾರು ಒಂದೂವರೆ ಸೆಕೆಂಡು ನಷ್ಟ.

ಗಾಳಿಯ ಮಾತಂತೂ ಕರಾವಳಿಯ ನಮಗೆ ಹೇಳಿಕೊಡಬೇಕಿಲ್ಲ. ಮಧ್ಯಾಹ್ನವಾಗುತ್ತಲೇ ಪಡುವಣ ಗಾಳಿ ಏಳುತ್ತದೆ. ಅಂತಿಮ ಸ್ಪರ್ಧೆಗಳೆಲ್ಲ, ಅತಿಥಿಗಳ ಅನುಕೂಲಕ್ಕಾಗಿ, ಮಧ್ಯಾಹ್ನವೇ ನಡೆಯುತ್ತವೆ. 100 ಮತ್ತು 200 ಮೀಟರ್ ಓಟಗಳಲ್ಲಿಯೂ ಉದ್ದಜಿಗಿತ, ತ್ರಿವಿಧ ಜಿಗಿತಗಳಲ್ಲಿಯೂ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಿದ್ದರೆ ಸಾಧನೆ ಗೆಲುವಿಗೆ ಸಲ್ಲುತ್ತದೆ, ದಾಖಲೆಗೆ ಸಲ್ಲುವುದಿಲ್ಲ. ಗಾಳಿಮಾಪಕ ಕೊಳ್ಳುವ ಶಕ್ತಿ ಎಲ್ಲ ಕಾಲೇಜಿಗೂ ಇಲ್ಲವೆಂಬುದು ನಿಜ. ಆದರೆ ‘ಗಾಳಿ ಅಳೆದಿಲ್ಲ’ ಎಂದು ಬರೆಯಲು ಹಣ ಬೇಕಾಗುವುದಿಲ್ಲ.

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1954ರ ಮೇ 6ರಂದು ರೋಜರ್ ಬ್ಯಾನಿಸ್ಟರನು ಮೈಲಿ ಓಟವನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಮುಗಿಸಿದ ಕಥೆ ಎಲ್ಲರಿಗೂ ಗೊತ್ತು. ಅದು ವಿಶ್ವವಿದ್ಯಾಲಯದ ಮೈದಾನ. ನಡೆದದ್ದು ವಿಶ್ವವಿದ್ಯಾಲಯದ ತಂಡದೊಂದಿಗಿನ ಪಂದ್ಯ. ಅಂದು ಧ್ವನಿವರ್ಧಕದ ಮುಂದೆ ಇದ್ದವನು ನಾರಿಸ್ ಮಕ್‌ವರ್ಟರ್, ಮುಂದೆ ಗಿನ್ನೆಸ್ ದಾಖಲೆಗಳ ಪುಸ್ತಕವನ್ನು ಅವಳಿ ಸೋದರನೊಡನೆ ಕೂಡಿ ಸಂಪಾದಿಸಿದವನು. ಆತ ಮೊದಲು ಸ್ಪರ್ಧೆಯ ಹೆಸರು, ಗೆದ್ದವನ ಹೆಸರು ಹೇಳಿದನು. ಮೇಲಿನವರ ಅನುಮೋದನೆಗೆ ಒಳಪಟ್ಟು ಇದು ಇಂತಿಂಥ ದಾಖಲೆ ಎಂದನು. ಕಾಲವನ್ನು ಹೇಳಿದ್ದು ಕಟ್ಟಕಡೆಗೆ. ‘ಮೂರು’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಜನರ ಕೂಗಿನಲ್ಲಿ ಉಳಿದದ್ದು ಮುಳುಗಿತು. ನನಗೆ ಆ ಓಟದಷ್ಟೇ ಆ ಪ್ರಕಟಣೆಯೂ ಪ್ರಿಯ. ಆ ಸಂಭ್ರಮದ ನಡುವೆಯೂ ‘ಅನುಮೋದನೆಗೆ ಒಳಪಟ್ಟು’ ಎಂಬ ಮಾತನ್ನು ಅವನು ಬಿಡಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ನೆರೆಯ ತುಳುನಾಡಿನದು. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರಿನ ಗದ್ದೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದು ತೆಗೆದರು. ಬರ್ಲಿನ್ನಿನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ ಓಡಿದ 9.58ನ್ನು ಅದರ ಪಕ್ಕಕ್ಕಿಟ್ಟು ದೇಶಾದ್ಯಂತ ಸುದ್ದಿ ಮಾಡಿದರು. ಕಂಬಳದ ಓಟ ತನ್ನ ನೆಲೆಯಲ್ಲಿ ಅದ್ಭುತವಾದದ್ದು. ಆದರೆ ಅಲ್ಲಿ ಮುಂದೆ ಎಳೆಯುವ ಎರಡು ಕೋಣಗಳಿವೆ, ಕಾಲ ಕೆಳಗೆ ಕೆಸರಿದೆ, ದೂರ ಬೇರೆ, ಕಾಲ ಹಿಡಿಯುವ ಬಗೆ ಬೇರೆ. ಭಾಗಾಕಾರದಿಂದ ಸರಾಸರಿ ಬರುತ್ತದೆ, ದಾಖಲೆ ಬರುವುದಿಲ್ಲ. ಗೌಡರು ತಾವೇ ಈ ಹೋಲಿಕೆಯನ್ನು ಹಚ್ಚಿಕೊಳ್ಳದೆ, ತಮ್ಮ ಗೆಲುವಿನ ಪಾಲು ಕೋಣಗಳದೂ ಹೌದೆಂದರು. ಪತ್ರಿಕೆಗಳಿಗಿಂತ ಅವರ ಲೆಕ್ಕವೇ ಸರಿಯಾಗಿತ್ತು.

ಕ್ರಿಕೆಟ್ಟಿನ ಲೆಕ್ಕಕ್ಕೆ ಒಂದು ಸೌಕರ್ಯವಿದೆ: ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಬ್ಯಾಟುಗಾರರ ಓಟಗಳು 143, ಬೈ 6, ಲೆಗ್‌ಬೈ 4, ವೈಡ್ 3, ನೋಬಾಲ್ 1 ಎಂದಾದರೆ ಮೊತ್ತ 157. ಬೌಲರುಗಳ ಹೆಸರಿನಲ್ಲಿರುವ ಓಟಗಳನ್ನು ಕೂಡಿಸಿದರೆ ಬೈ, ಲೆಗ್‌ಬೈ ಬಿಟ್ಟು 147 ಬರಬೇಕು. ಬಾರದಿದ್ದರೆ ಎಲ್ಲಿಯೋ ಒಂದು ಚುಕ್ಕೆ ಓಟವಾಗಿದೆ, ಇಲ್ಲವೆ ಓಟ ಚುಕ್ಕೆಯಾಗಿದೆ. ಆದರೆ 1980ರ ದಶಕದ ನಡುವಿಗಿಂತ ಹಿಂದಿನ ಪುಸ್ತಕದಲ್ಲಿ ಇದೇ ಇನಿಂಗ್ಸಿಗೆ ಬೌಲರುಗಳ ಮೊತ್ತ 143 ಎಂದಿದ್ದರೆ ಅದೂ ಸರಿಯೇ. ವೈಡು ನೋಬಾಲುಗಳನ್ನು ಬೌಲರನ ತಲೆಗೆ ಕಟ್ಟುವ ಪದ್ಧತಿ ಆಗ ಇರಲಿಲ್ಲ. ಹಳೆಯ ಲೆಕ್ಕವನ್ನು ಹೊಸ ನಿಯಮದಿಂದ ‘ತಿದ್ದುವ’ ಉತ್ಸಾಹಿಗಳ ಬಗ್ಗೆ ಎಚ್ಚರವಿರಬೇಕು. ಹಳಗನ್ನಡದ ಪಾಠವನ್ನು ಹೊಸಗನ್ನಡಕ್ಕೆ ತಿದ್ದಿದಂತೆ ಆಗುತ್ತದೆ.

ಅನಿಲ್ ಕುಂಬ್ಳೆ ದೆಹಲಿಯಲ್ಲಿ 1999ರ ಫೆಬ್ರುವರಿ 7ರಂದು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ತೆಗೆದಾಗ ಎಸೆದದ್ದು 26.3 ಓವರು, ಕೊಟ್ಟದ್ದು 74 ಓಟ ಎಂದು ಶಾಲೆಯ ಹುಡುಗನೂ ಹೇಳುತ್ತಾನೆ. ಅವರೇ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಿನ ಕಾಲೇಜು ಪಂದ್ಯಗಳನ್ನು ಹೀಗೆ ಹೇಳಬಲ್ಲವರು ಯಾರು? ವಿಶ್ವವಿದ್ಯಾಲಯಗಳ ನಡುವಣ ರೋಹಿಂಟನ್ ಬಾರಿಯಾ ಟ್ರೋಫಿ 1935ರಷ್ಟು ಹಿಂದಿನದು. ಆದರೆ ಅದಕ್ಕೆ ಪ್ರಥಮ ದರ್ಜೆಯ ಮಾನ್ಯತೆಯಿಲ್ಲವಾದ್ದರಿಂದ ಅದರ ಅಂಕಪಟ್ಟಿಗಳಿಗೆ ರಣಜಿ ಪಂದ್ಯಗಳ ಪಟ್ಟಿಗಳಿಗೆ ದೊರೆತ ಆರೈಕೆ ದೊರೆಯಲಿಲ್ಲ. ಹುತುತು, ಖೊ-ಖೊಗಳ ಪಾಡು ಇದಕ್ಕಿಂತ ಕಷ್ಟದ್ದು. ಗೆದ್ದ ಕಾಲೇಜಿನ ಹೆಸರು ಉಳಿಯುತ್ತದೆ, ಗೆಲ್ಲಿಸಿದ ಹುಡುಗನದು ಅಳಿಯುತ್ತದೆ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲಿನ ಅಧಿಕೃತ ಅಂಕಿ-ಅಂಶಗಳು 1937ರಿಂದ ಆರಂಭವಾಗುತ್ತವೆ. ಆಟ ಅದಕ್ಕಿಂತ ಬಹಳ ಹಳೆಯದಾದರೂ ಒಂದೇ ಬಗೆಯಲ್ಲಿ ಎಣಿಸಲು ತೊಡಗಿದ್ದು ಆಗ ಎಂಬ ಕಾರಣಕ್ಕೆ ಅಲ್ಲಿಗೊಂದು ಗೆರೆ ಎಳೆದಿದ್ದಾರೆ. ನಮಗೂ ಅಂಥ ಗೆರೆ ಬೇಕು.

‘ವಿಶ್ವವಿದ್ಯಾಲಯದ ದಾಖಲೆ’ ಎಂಬ ಮಾತನ್ನೇ ನೋಡಿ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ನಮ್ಮ ಹಿರಿಯರು ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಅದರಿಂದ ಬೇರೆಯಾಯಿತು, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ನಡುವೆ 1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳೆಲ್ಲ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಹಾಗಿರುವಲ್ಲಿ 1965ರಲ್ಲಿ ಬಿಜಾಪುರದ ಹುಡುಗನೊಬ್ಬ ಧಾರವಾಡದಲ್ಲಿ ಮಾಡಿದ ದಾಖಲೆ ಇಂದು ಯಾರ ಆಸ್ತಿ? ಅಣ್ಣತಮ್ಮಂದಿರ ಹಿಸೆಯಲ್ಲಿ ಹೊಲ ಗದ್ದೆಗಳಿಗೆ ಪಹಣಿ ಇರುತ್ತದೆ. ಇಂಥ ದಾಖಲೆಗಳನ್ನು ಹಿಸೆಯ ಹೊತ್ತಿಗೆ ಯಾರೂ ನೆನೆಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅದು ಮಾಡಿದ ದಿನದ ವಿಶ್ವವಿದ್ಯಾಲಯದ್ದು. ಹೊಸ ವಿಶ್ವವಿದ್ಯಾಲಯ ತನ್ನ ಪಟ್ಟಿಯನ್ನು ತನ್ನ ಮೊದಲ ವರ್ಷದಿಂದಲೇ ಆರಂಭಿಸಬೇಕು.

ಕೊನೆಗೆ ಹೆಸರಿನ ಮಾತು. ನಮ್ಮ ಅಂಕೋಲೆ-ಕುಮಟೆಯ ಸೀಮೆಯಲ್ಲಿ ಒಂದು ತರಗತಿಯಲ್ಲಿ ಹತ್ತು ಮಂದಿ ನಾಯಕರು, ಎಂಟು ಮಂದಿ ಗೌಡರು ಇರುವುದು ಸಾಮಾನ್ಯ. ಮುಂದಿನ ಎರಡು ಇಂಗ್ಲಿಷ್ ಅಕ್ಷರಗಳೂ ಒಂದೇ ಆದವರು ಇಬ್ಬರಾದರೂ ಸಿಗುತ್ತಾರೆ. ತಂದೆಯ ಹೆಸರು, ಊರು, ತರಗತಿ ಬರೆಯದ ಪಟ್ಟಿ ಹತ್ತು ವರ್ಷಗಳಲ್ಲಿ ಮೂಕವಾಗುತ್ತದೆ. ಹೆಣ್ಣುಮಕ್ಕಳದು ಇನ್ನೂ ತೊಡಕು: ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗುತ್ತದೆ, ಕೆಲವು ಮನೆತನಗಳಲ್ಲಿ ಮೊದಲ ಹೆಸರೂ ಬದಲಾಗುತ್ತದೆ.

ಆರಂಭದಲ್ಲಿ ನಾನು ಹೇಳಿದ ಹುಡುಗಿ ಹೀಗೆ ಕಳೆದುಹೋದವಳು. ಆಕೆ ದೈಹಿಕ ಶಿಕ್ಷಣದ ಶಿಕ್ಷಕಿಯ ಹುದ್ದೆಗೆ ಅರ್ಜಿ ಹಾಕುವ ಕಾಲಕ್ಕೆ, ಕಾಲೇಜು ಬಿಟ್ಟು ಆರು ವರ್ಷಗಳಾಗಿದ್ದವು. ಅವಳ ಬಳಿಯಿದ್ದ ಪ್ರಮಾಣಪತ್ರದಲ್ಲಿ ತವರಿನ ಹೆಸರಿತ್ತು. ‘ಕ್ರೀಡೆಯಲ್ಲಿ ಭಾಗವಹಿಸಿ ಪ್ರಶಂಸೆಗೆ ಪಾತ್ರಳಾಗಿದ್ದಾಳೆ’ ಎಂಬ ಮುದ್ರಿತ ವಾಕ್ಯವಿತ್ತು. ಯಾವ ಓಟ, ಎಷ್ಟನೆಯ ಸ್ಥಾನ, ಎಷ್ಟು ಕಾಲ ಎಂಬುದಿರಲಿಲ್ಲ. ಅರ್ಜಿಯಲ್ಲಿ ಕೇಳಿದ್ದು ಆ ಮೂರನ್ನೇ. ಕಾಲೇಜಿನ ಮಾಸಿಕೆಯಲ್ಲಿ ಅವಳ ಚಿತ್ರವೇನೋ ಇತ್ತು, ಕೆಳಗೆ ‘ನಮ್ಮ ವಿಜೇತರು’ ಎಂದಷ್ಟೆ. ಹಳೆಯ ಕಡತವನ್ನು ಹುಡುಕಿಸಿದಾಗ ಅಂತಿಮ ಓಟದ ಮೂಲ ಹಾಳೆ ದೊರೆಯಿತು: 217, ಪ್ರಥಮ, 2 ನಿಮಿಷ 24.6 ಸೆಕೆಂಡು. ಮೂವರು ಕಾಲಮಾಪಕರ ಸಹಿಯೂ ಇತ್ತು. 217 ಎಂಬುದು ಅಂಗಿಯ ಮೇಲೆ ಚುಚ್ಚಿದ ಸಂಖ್ಯೆ. ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಕೂಟ ಮುಗಿದ ಮಾರನೆಯ ದಿನ ಕಸದೊಡನೆ ಸುಟ್ಟಿದ್ದರು. ತಾನೇ 217 ಎಂದು ಆಕೆ ಹೇಳಿದಳು. ಅದನ್ನು ಸುಳ್ಳೆಂದು ಯಾರೂ ಅನ್ನಲಿಲ್ಲ, ನಿಜವೆಂದು ಬರೆದುಕೊಡಲೂ ಯಾರಿಗೂ ಸಾಧ್ಯವಾಗಲಿಲ್ಲ. ಅರ್ಜಿಯ ಕೊನೆಯ ದಿನ ಕಳೆದುಹೋಯಿತು.

ಅಂದಿನಿಂದ ನಾನು ಲೆಕ್ಕದ ಮೇಜಿನಲ್ಲಿ ಕುಳಿತಲ್ಲೆಲ್ಲ ಸಂಖ್ಯೆಗಳ ಪಟ್ಟಿಯನ್ನು ಫಲಿತಾಂಶದ ಹಾಳೆಗೇ ದಾರದಿಂದ ಹೊಲಿಯುತ್ತೇನೆ. ಗುಂಡುಸೂಜಿ ನಮ್ಮ ಉಪ್ಪುಗಾಳಿಗೆ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದವನ್ನೂ ತಿನ್ನುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಶಾಯಿಯ ಬರಹ ಹರಡಿಹೋಗುತ್ತದೆ, ಪೆನ್ಸಿಲಿನದು ನಿಲ್ಲುತ್ತದೆ. ಆದ್ದರಿಂದ ಮೂಲ ಹಾಳೆ ಪೆನ್ಸಿಲಿನಲ್ಲಿ, ಅದರ ನಕಲು ಶಾಯಿಯಲ್ಲಿ. ನಕಲು ಗ್ರಂಥಾಲಯದಲ್ಲಿರಲಿ, ಮೂಲ ಕಚೇರಿಯಲ್ಲಿರಲಿ. ಒರಲೆ ಎರಡೂ ಕಡೆ ಒಂದೇ ವರ್ಷ ಬರುವುದು ಕಡಿಮೆ.

ಈಗ ಕೆಲವು ಕೂಟಗಳಿಗೆ ಬಾಡಿಗೆಯ ಕಾಲಯಂತ್ರ ಬರುತ್ತದೆ. ಓಟ ಮುಗಿದ ಕ್ಷಣಕ್ಕೆ ನುಣುಪಾದ ಚೀಟಿಯೊಂದನ್ನು ಅಚ್ಚು ಹಾಕಿ ಕೊಡುತ್ತದೆ. ಅಂಗಡಿಯ ರಸೀದಿಯಂತೆ ಅದು ಶಾಖದಿಂದ ಮೂಡುವ ಅಚ್ಚು. ಕೆಲವೇ ವರ್ಷಗಳಲ್ಲಿ ಮಾಸಿ ಬಿಳಿಯ ಕಾಗದವಾಗುತ್ತದೆ. ಅದನ್ನು ಅಂದೇ ಕೈಯಿಂದ ಹಾಳೆಗೆ ಇಳಿಸಿ, ಯಂತ್ರದ ಕಾಲವೆಂದು ನಮೂದಿಸಿ, ಇಳಿಸಿದವರು ಕೆಳಗೆ ಸಹಿ ಮಾಡಬೇಕು.